ಸೋಡಾ ಗ್ಯಾಸಿಗೆ ಎಣ್ಣೆ ಬಿಟ್ಟುಕೊಡುವ ದ್ರಾವಕ

ಹೋದ ತಿಂಗಳು ಗಾಣದ ಎಣ್ಣೆಗೂ ರಿಫೈನ್ಡ್ ಎಣ್ಣೆಗೂ ಇರುವ ವ್ಯತ್ಯಾಸದ ಬಗ್ಗೆ ಬರೆಯುತ್ತಾ ಎಣ್ಣೆ ಕರಗಿಸಿ ತೆಗೆಯಲು ಬಳಸುವ ಹೆಕ್ಸೇನ್ ಅನ್ನುವ ದ್ರಾವಕದ ಹೆಸರು ಎತ್ತಿದ್ದೆ. ಅದರ ಹಿಂದೆಯೇ ಬಂದ ಪತ್ರಗಳಲ್ಲಿ ಆರನ್ನು ಈ ಸಲ ತೆಗೆದುಕೊಂಡಿದ್ದೇನೆ. ಮೂಡಿಗೆರೆಯ ಪತ್ರಕ್ಕೆ ಉತ್ತರ ಉದ್ದವಾಗಿದೆ. ಅದನ್ನು ಚಿಕ್ಕದು ಮಾಡಲು ಮನಸ್ಸಾಗಲಿಲ್ಲ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಸಣ್ಣ ತೋಟ, ಕಾಫಿ ಜೊತೆಗೆ ಮೆಣಸು. ಮಗ ಕಾಳುಮೆಣಸಿನ ಸಾರ ತೆಗೆಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅವನು ಊರಿಗೆ ಬಂದರೆ ಬ್ಯಾಗಿನೊಳಗಿನ ಬಟ್ಟೆಗೂ ದ್ರಾವಕದ ವಾಸನೆ. ಬೆಂಕಿ ಭಯ ನಮಗೆ ಯಾವಾಗಲೂ ಇದ್ದೇ ಇದೆ. ಈ ಸಲ ರಜೆಗೆ ಬಂದವನು, ‘ಸೋಡಾ ಗ್ಯಾಸ್ ಹಾಯಿಸಿದರೆ ನೀರಿನಲ್ಲಿ ಕರಗುವ, ಗ್ಯಾಸ್ ತೆಗೆದರೆ ಮತ್ತೆ ಮೇಲೆ ತೇಲುವ ದ್ರಾವಕ ಕಂಡುಹಿಡಿದಿದ್ದಾರಂತೆ. ಅದು ಬಂದರೆ ಕುದಿಸುವ ಕೆಲಸವೇ ಇರಲ್ಲ’ ಅಂದ. ಇದು ನಿಜವೇ? ನಿಜವಾದರೆ ಇನ್ನೂ ಯಾಕೆ ಬಳಸುತ್ತಿಲ್ಲ?
(ಒಬ್ಬ ತಂದೆ, ಮೂಡಿಗೆರೆ ತಾಲ್ಲೂಕು)

ಉತ್ತರ: ನಿಜ. ‘ಕುದಿಸುವ ಕೆಲಸವೇ ಇರಲ್ಲ’ ಅನ್ನುವುದಕ್ಕೆ ಒಂದು ತಿದ್ದುಪಡಿ ಬೇಕು, ಅದನ್ನು ಆಮೇಲೆ ಹೇಳುತ್ತೇನೆ. ಈಗ ಯಾಕೆ ಕುದಿಸುತ್ತಾರೆ ಅನ್ನುವುದರಿಂದ ಶುರು ಮಾಡೋಣ.

ಮೆಣಸಿನ ಸಾರವಾಗಲಿ, ಸೋಯಾ ಎಣ್ಣೆಯಾಗಲಿ ತೆಗೆಯುವ ಬಗೆ ಹೆಚ್ಚುಕಡಿಮೆ ಒಂದೇ. ಕಾಳನ್ನು ಪುಡಿಯೋ ಅವಲಕ್ಕಿಯಂಥ ಚಕ್ಕೆಯೋ ಮಾಡಿ ಅದರ ಮೇಲೆ ದ್ರಾವಕ ಹಾಯಿಸುತ್ತಾರೆ. ಸಾರ ದ್ರಾವಕದಲ್ಲಿ ಕರಗಿ ಕೆಳಗಿಳಿಯುತ್ತದೆ. ಅಲ್ಲಿಗೆ ಅರ್ಧ ಕೆಲಸವಷ್ಟೇ ಮುಗಿದಿರುತ್ತದೆ. ಸಾರದಿಂದ ದ್ರಾವಕವನ್ನು ಬಿಡಿಸಿ ತೆಗೆಯಬೇಕು, ತೆಗೆದದ್ದನ್ನು ಮತ್ತೆ ಬಳಸಬೇಕು. ಅದಕ್ಕೆ ಭಟ್ಟಿ ಇಳಿಸುತ್ತಾರೆ. ಭಟ್ಟಿ ಇಳಿಸಬೇಕಾದರೆ ಬೇಗ ಆವಿಯಾಗುವ ದ್ರಾವಕವೇ ಆಗಬೇಕು. ಹೆಕ್ಸೇನ್ 69 ಡಿಗ್ರಿಗೆ ಕುದಿಯುತ್ತದೆ, ಅಸಿಟೋನ್ 56ಕ್ಕೆ. ಹೀಗೆ ಬೇಗ ಆವಿಯಾಗುವುದು ಪೈಪಿನ ಸಂದಿಯಿಂದಲೂ ಹೊರಬರುತ್ತದೆ, ಕೆಲಸಗಾರನ ಮೂಗಿಗೂ ಹೋಗುತ್ತದೆ. ಹೆಕ್ಸೇನ್ ಆವಿ ಗಾಳಿಗಿಂತ 3 ಪಟ್ಟು ಭಾರ, ಮೇಲೇರಿ ಚದುರಿಹೋಗದೆ ನೆಲ ಹಿಡಿದು ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ 1 ಪಾಲಿಗಿಂತ ಚೂರು ಹೆಚ್ಚಾದರೂ ಒಂದು ಕಿಡಿಗೆ ಸಿಡಿಯುತ್ತದೆ. ವರ್ಷಗಟ್ಟಲೆ ಅದನ್ನೇ ಉಸಿರಾಡಿದವರಿಗೆ ಕೈಕಾಲು ಬೆರಳುಗಳು ಜೋಮು ಹಿಡಿಯುವ ನರದ ಕಾಯಿಲೆ ಬರುತ್ತದೆ.

ಈಗ ಯೋಚಿಸಿ. ಮೆಣಸಿನಿಂದ ಸಾರ ಬಿಡಿಸಲು ದ್ರಾವಕ ಆವಿಯಾಗಲೇಬೇಕು ಅಂತೇನೂ ಇಲ್ಲ. ಆಮೇಲೆ ಅದನ್ನು ಹೊರಗೆ ಕಳಿಸಲು ಬೇರೆ ದಾರಿ ಗೊತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಹೊತ್ತಿಕೊಳ್ಳುವ ದ್ರವವನ್ನು ಆರಿಸಿಕೊಂಡು ಬಂದಿದ್ದೇವೆ. ನಿಮ್ಮ ಮಗ ಹೇಳಿದ ಸಂಶೋಧನೆ ಕೈ ಹಾಕಿರುವುದು ಈ ಗಂಟಿಗೇ.

ಇದು ನನಗೆ ಪುಸ್ತಕದ ವಿಷಯವಾಗಿ ಉಳಿದಿಲ್ಲ. ಕಾಲೇಜಿಗೆ ಪಾಠ ಮಾಡಲು ಸೇರುವ ಮುಂಚೆ, 1984ರಲ್ಲಿ, ಹಿಂಡಿಯಿಂದ ಎಣ್ಣೆ ತೆಗೆಯುವ ಒಂದು ಘಟಕದ ಲ್ಯಾಬಿನಲ್ಲಿ ಹದಿನಾಲ್ಕು ತಿಂಗಳು ಇದ್ದೆ. ಒಂದು ಸಂಜೆ ಪಂಪು ಸೋರುತ್ತಿತ್ತು. ‘ನಾಳೆ ನೋಡೋಣ’ ಅಂದಿದ್ದರು. ವೈರಿಂಗ್ ಕೆಲಸಕ್ಕೆ ಬಂದಿದ್ದ ಹುಡುಗ ಮೂಲೆಯ ಸ್ವಿಚ್ ಒತ್ತಿದ. ಬೆಂಕಿ ನೆಲದ ಮೇಲೆ ಓಡಿದ್ದನ್ನು ಲ್ಯಾಬಿನ ಬಾಗಿಲಲ್ಲಿ ನಿಂತು ನೋಡಿದೆ. ಅವನ ಎರಡೂ ಮುಂಗೈ ಸುಟ್ಟವು. ಮೂರು ತಿಂಗಳಾದ ಮೇಲೆ ಕೆಲಸಕ್ಕೆ ವಾಪಸಾದ, ಆದರೆ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಾಗಿತ್ತು. ಮೂವತ್ತೆರಡು ವರ್ಷ ಹಾಸನದಲ್ಲಿ ದ್ರಾವಕಗಳ ಪಾಠ ಮಾಡಿದೆ. ಪ್ರತಿ ವರ್ಷ ಆ ಪಾಠ ಬಂದಾಗ ಆ ಲೋಟ ಕಣ್ಣ ಮುಂದೆ ಬರುತ್ತಿತ್ತು.

ಇನ್ನು ಆ ದ್ರಾವಕ. ಕೆನಡಾದ ಕಿಂಗ್‌ಸ್ಟನ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಜೆಸಪ್ ಅನ್ನುವ ರಸಾಯನ ವಿಜ್ಞಾನಿ ಇದ್ದಾರೆ. ಅವರೂ ಅಮೆರಿಕದ ಜಾರ್ಜಿಯಾ ಟೆಕ್‌ನ ಚಾರ್ಲ್ಸ್ ಎಕರ್ಟ್, ಚಾರ್ಲ್ಸ್ ಲಿಯೊಟ್ಟಾ ಮೊದಲಾದವರೂ ಸೇರಿ 2005ರಲ್ಲಿ ಒಂದು ವಿಚಿತ್ರ ದ್ರವವನ್ನು ತೋರಿಸಿದರು. ಡಿಬಿಯು ಅನ್ನುವ ಪ್ರತ್ಯಾಮ್ಲಕ್ಕೆ ಹೆಕ್ಸನಾಲ್ ಅನ್ನುವ ಆಲ್ಕೋಹಾಲ್ ಬೆರೆಸಿದ್ದು ಅದು. ಅದರೊಳಗೆ ಎಣ್ಣೆಯಂಥ ಡೆಕೇನ್ ಚೆನ್ನಾಗಿ ಬೆರೆಯುತ್ತದೆ. ಕಾರ್ಬನ್ ಡೈಆಕ್ಸೈಡ್, ಅಂದರೆ ಸೋಡಾ ಗ್ಯಾಸಿನ, ಗುಳ್ಳೆ ಹಾಯಿಸಿದರೆ ದ್ರವ ಪೂರ್ತಿ ಅಯಾನುಗಳದ್ದಾಗಿ ಮಂದವಾಗುತ್ತದೆ, ಡೆಕೇನ್ ಬೇರೆ ಪದರವಾಗಿ ನಿಲ್ಲುತ್ತದೆ. ನೈಟ್ರೋಜನ್ ಹಾಯಿಸಿ ಗ್ಯಾಸನ್ನು ಹೊರಗೆ ತಳ್ಳಿದರೆ ಮೊದಲಿನಂತೆಯೇ ಆಗುತ್ತದೆ. ಒಂದೇ ಒಂದು ತೊಡಕು, ನೀರಿನ ಅಂಶ ಸೇರಬಾರದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಒಣಗಿಸಿದ ಮೆಣಸಿಗೂ ತೇವ ಹಿಡಿಯುತ್ತದೆ, ಅಂಥ ಕಡೆ ಇದು ನಡೆಯುವ ಮಾತಲ್ಲ.

2010ರಲ್ಲಿ ಜೆಸಪ್ ತಂಡ ನೀರನ್ನೇ ಕೆಲಸಕ್ಕೆ ಹಚ್ಚುವ ಇನ್ನೊಂದು ಬಗೆಯನ್ನು ಪ್ರಕಟಿಸಿತು. ನಿಮ್ಮ ಮಗ ಹೇಳಿದ್ದು ಇದನ್ನೇ. ಅದರಿಂದ ಸೋಯಾ ಚಕ್ಕೆಯ ಎಣ್ಣೆಯನ್ನೂ ತೆಗೆದು ತೋರಿಸಿದರು. ಮೊದಲು ಬಳಸಿದ್ದಕ್ಕಿಂತ ಸರಳವಾದ ಅಮೀನ್‌ಗಳು (ನೈಟ್ರೋಜನ್ ಇರುವ ಪ್ರತ್ಯಾಮ್ಲಗಳು) ಆಮೇಲೆ ಸಿಕ್ಕವು. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಡೈಮೀಥೈಲ್ ಸೈಕ್ಲೋಹೆಕ್ಸೈಲ್ ಅಮೀನ್. ಹೆಸರು ಬಾಯಿಗೆ ಕಷ್ಟ, ‘ಅಮೀನ್’ ಅಂತಷ್ಟೇ ಕರೆಯೋಣ. ಸುಮಾರು 160 ಡಿಗ್ರಿಗೆ ಕುದಿಯುತ್ತದೆ, ಹೆಕ್ಸೇನ್‌ನಷ್ಟು ಸಲೀಸಾಗಿ ಆವಿಯಾಗುವುದಿಲ್ಲ. ನೀರಿನ ಮೇಲೆ ಎಣ್ಣೆಯ ಹಾಗೆ ತೇಲುತ್ತದೆ, ಎಣ್ಣೆಯ ಜೊತೆ ಬೆರೆಯುತ್ತದೆ.

ಚಕ್ಕೆಯನ್ನು ಈ ಅಮೀನ್‌ನಲ್ಲಿ ತೊಳೆದರೆ ಎಣ್ಣೆ ಅದರೊಳಗೆ ಇಳಿಯುತ್ತದೆ. ಅದಕ್ಕೆ ನೀರು ಸೇರಿಸಿ ಕಾರ್ಬನ್ ಡೈಆಕ್ಸೈಡ್ ಹಾಯಿಸಿ. ಸೋಡಾದಲ್ಲಿ ಆಗುವ ಹಾಗೆಯೇ ಗ್ಯಾಸು ನೀರಿನಲ್ಲಿ ಕರಗಿ ತೆಳ್ಳಗಿನ ಆಮ್ಲವಾಗುತ್ತದೆ. ಅಮೀನ್ ಆ ಆಮ್ಲದ ಜೊತೆ ಸೇರಿ ಬೈಕಾರ್ಬೊನೇಟ್ ಲವಣವಾಗುತ್ತದೆ. ಲವಣಕ್ಕೆ ನೀರೇ ಇಷ್ಟ. ಎಣ್ಣೆಯ ಕೈ ಬಿಟ್ಟು ಅಮೀನ್ ಹೆಚ್ಚುಕಡಿಮೆ ಪೂರ್ತಿಯಾಗಿ ನೀರಿಗೆ ಇಳಿದುಬಿಡುತ್ತದೆ, ಎಣ್ಣೆ ಮೇಲೆ ಉಳಿಯುತ್ತದೆ. ಎಣ್ಣೆ ತೆಗೆದಿಟ್ಟು ಆ ನೀರನ್ನು 60ರಿಂದ 80 ಡಿಗ್ರಿಗೆ ಬಿಸಿ ಮಾಡಿ ಗಾಳಿಯನ್ನೋ ನೈಟ್ರೋಜನ್ನೋ ಹಾಯಿಸಿದರೆ ಗ್ಯಾಸು ಹೊರಟುಹೋಗಿ ಅಮೀನ್ ಮತ್ತೆ ನೀರಿನ ಮೇಲೆ ತೇಲಿ ಬರುತ್ತದೆ. ಅದನ್ನೇ ಮುಂದಿನ ಕಂತಿಗೆ ಹಾಕಬಹುದು. ಲೆಕ್ಕ ಬೇಕಾದವರಿಗೆ: 127 ಗ್ರಾಂ ಅಮೀನ್‌ಗೆ 44 ಗ್ರಾಂ ಗ್ಯಾಸು, 18 ಗ್ರಾಂ ನೀರು. ಗ್ಯಾಸಿಗೆ ವಾತಾವರಣದ ಒತ್ತಡವೇ ಸಾಕು, ಭಾರಿ ಸಿಲಿಂಡರ್ ಒತ್ತಡ ಬೇಡ.

ಚಿಕ್ಕವಳಿದ್ದಾಗ ಅರೇಹಳ್ಳಿಯ ಸಂತೆಯಲ್ಲಿ ಅಪ್ಪ ಗೋಲಿ ಸೋಡಾ ಕೊಡಿಸುತ್ತಿದ್ದರು. ಗೋಲಿ ಒತ್ತಿದರೆ ಗ್ಯಾಸು ಸುಂಯ್ ಅಂತ ಹೊರಡುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟರೆ ಚುರುಕು ಹೋಗಿ ಬರೀ ನೀರು. ಅಂಗಡಿಯವರು ‘ಬೇಗ ಕುಡಿ ಮಗಾ’ ಅನ್ನುತ್ತಿದ್ದರು. ಗ್ಯಾಸು ಇರುವಷ್ಟು ಹೊತ್ತು ಒಂದು ಗುಣ, ಹೋದ ಮೇಲೆ ಇನ್ನೊಂದು, ನೀರಿನಲ್ಲಿ ಏನೂ ಉಳಿಯುವುದಿಲ್ಲ. ಬೇರೆ ಆಮ್ಲ ಹಾಕಿದರೂ ಅಮೀನ್ ನೀರಿಗಿಳಿಯುತ್ತದೆ. ಆದರೆ ಅದನ್ನು ಹಿಂದಕ್ಕೆ ತರಲು ಕ್ಷಾರ ಸುರಿಯಬೇಕು, ಪ್ರತಿ ಸುತ್ತಿಗೂ ಉಪ್ಪು ಗುಡ್ಡೆಯಾಗುತ್ತದೆ. ಈ ಗ್ಯಾಸು ಬಂದ ದಾರಿಯಲ್ಲೇ ಹೋಗುತ್ತದೆ. ನನಗೆ ಇದರಲ್ಲಿ ಬಹಳ ಇಷ್ಟವಾದ ವಿಷಯ ಇದೇ.

ಈಗ ತಿದ್ದುಪಡಿ. ಕುದಿಸುವುದು ತಪ್ಪುತ್ತದೆ, ಬಿಸಿ ಮಾಡುವುದು ತಪ್ಪುವುದಿಲ್ಲ. ಅಷ್ಟು ನೀರನ್ನು 60 ಡಿಗ್ರಿಗೆ ತರಲೂ ಸೌದೆ, ಕರೆಂಟು ಬೇಕು. ನೀರಿಗೆ ಗ್ಯಾಸು ಹಿಡಿಸಲು, ಬಿಡಿಸಲು ಸಮಯ ಹಿಡಿಯುತ್ತದೆ, ಕಾರ್ಖಾನೆಯಲ್ಲಿ ಸಮಯವೂ ದುಡ್ಡೇ. ಎಲ್ಲಕ್ಕಿಂತ ದೊಡ್ಡದು, ಅಮೀನ್ ಒಳ್ಳೆಯ ವಸ್ತುವೇನಲ್ಲ. ಚರ್ಮ ಸುಡುತ್ತದೆ, ಮೀನಿನಂಥ ಕೆಟ್ಟ ವಾಸನೆ, ನೀರಿನ ಜೀವಿಗಳಿಗೆ ವಿಷ, ಬೆಂಕಿಯೂ ಹಿಡಿಯುತ್ತದೆ, ಹೆಕ್ಸೇನ್‌ನಷ್ಟು ಸುಲಭವಾಗಿ ಅಲ್ಲ ಅಷ್ಟೆ. ಎಣ್ಣೆಯಲ್ಲಿ ಸ್ವಲ್ಪ ಅಮೀನ್ ಉಳಿದೇ ಉಳಿಯುತ್ತದೆ. ತಿನ್ನುವ ಪದಾರ್ಥಕ್ಕೆ ಅದನ್ನು ನಾನು ಒಪ್ಪುವುದಿಲ್ಲ. ಬಾಯಿಗೆ ಹೋಗದ ಕಡೆ ಇದರ ಕೆಲಸ ಚೆನ್ನಾಗಿದೆ. ಟಿವಿ ಡಬ್ಬದ ಥರ್ಮೋಕೋಲ್ ಈ ಅಮೀನ್‌ನಲ್ಲಿ ಕರಗುತ್ತದೆ, ನೀರು, ಗ್ಯಾಸು ಕೊಟ್ಟರೆ ಪ್ಲಾಸ್ಟಿಕ್ ಗಟ್ಟಿಯಾಗಿ ಬೇರೆಯಾಗುತ್ತದೆ. ಕೆನಡಾದಲ್ಲಿ ಮರಳಿಗೆ ಅಂಟಿದ ಡಾಂಬರಿನಂಥ ಎಣ್ಣೆಯನ್ನೂ ಹೀಗೆ ಬಿಡಿಸಿ ನೋಡಿದ್ದಾರೆ.

ಕಾರ್ಖಾನೆಗೆ ಇಂಥದ್ದು ಬರುವವರೆಗೆ ನಿಮ್ಮ ಮಗನನ್ನು ಮೂರು ವಿಷಯ ಕೇಳಿ. ಆವಿ ಸೋರಿದರೆ ಕೂಗುವ ಅಲಾರಂ ನೆಲದ ಮಟ್ಟದಲ್ಲಿದೆಯೇ? ಸ್ವಿಚ್ಚು, ದೀಪ, ಮೋಟಾರುಗಳು ಕಿಡಿ ಹೊರಬಿಡದ ಬಗೆಯವೇ? ಸೋರುವ ಪಂಪನ್ನು ‘ನಾಳೆ’ ಅನ್ನದೆ ಅಂದೇ ನಿಲ್ಲಿಸುತ್ತಾರೆಯೇ? ಮೂರರಲ್ಲಿ ಒಂದಕ್ಕೆ ಇಲ್ಲ ಅಂದರೂ ನನಗೆ ಮತ್ತೆ ಬರೆಯಿರಿ, ಯಾರಿಗೆ ದೂರು ಕೊಡಬೇಕು ಅನ್ನುವುದನ್ನು ಒಟ್ಟಿಗೆ ನೋಡೋಣ.

ಪ್ರಶ್ನೆ: ಮೇಡಂ, ನಾನು ಎಂಎಸ್ಸಿ ವಿದ್ಯಾರ್ಥಿನಿ. ಟೀ ಪುಡಿಯಿಂದ ಕೆಫೀನ್ ತೆಗೆಯುವ ಪ್ರಯೋಗದಲ್ಲಿ ಸೆಪರೇಟಿಂಗ್ ಫನಲ್ ಜೋರಾಗಿ ಅಲುಗಿಸಿಬಿಟ್ಟೆ. ನೀರೂ ಡೈಕ್ಲೋರೋಮೀಥೇನೂ ಸೇರಿ ಮಜ್ಜಿಗೆ ಥರ ಆಗಿ ಬಿಡಲೇ ಇಲ್ಲ. ಇಂಥ ಎಮಲ್ಷನ್ ಒಡೆಯಲು ಗ್ಯಾಸಿಗೆ ಬದಲಾಗುವ ಸರ್ಫ್ಯಾಕ್ಟಂಟ್ ಬಳಸಬಹುದೇ?
(ಹಾಸನ)

ಉತ್ತರ: ನಿನ್ನ ಬೆಂಚಿನಲ್ಲಿ ಅಂದು ಏನಾಯಿತೋ ಅದು ನನ್ನ ಲ್ಯಾಬಿನಲ್ಲಿ ಪ್ರತಿ ಬ್ಯಾಚಿನಲ್ಲೂ ಆಗುತ್ತಿತ್ತು, ಬೇಸರ ಮಾಡಿಕೊಳ್ಳಬೇಡ. ಟೀಯಲ್ಲಿ ಸಹಜವಾಗಿಯೇ ನೊರೆ ಬರಿಸುವ ಪದಾರ್ಥಗಳಿವೆ, ಅವೇ ಹನಿಗಳನ್ನು ಹಿಡಿದಿಟ್ಟಿರುವುದು. ಮುಂದಿನ ಸಲ ಅಲುಗಿಸಬೇಡ, ಫನಲನ್ನು ಮಲಗಿಸಿ ಎಬ್ಬಿಸಿ ನಿಧಾನಕ್ಕೆ ತಿರುಗಿಸು, ಪ್ರತಿ ಸಲವೂ ಕೊಳವೆಯ ನಲ್ಲಿ ತೆರೆದು ಆವಿ ಬಿಡು. ಆಮೇಲೂ ಕಟ್ಟಿಕೊಂಡರೆ ಒಂದು ಚಮಚ ಅಡುಗೆ ಉಪ್ಪು ಹಾಕಿ ಕಾಯಿ.

ನಿನ್ನ ಪ್ರಶ್ನೆಯೊಳಗೆ ಒಂದು ಸಣ್ಣ ತಪ್ಪು ಕಲ್ಪನೆ ಇದೆ. ಬದಲಾಗುವ ಸರ್ಫ್ಯಾಕ್ಟಂಟನ್ನು, ಅಂದರೆ ಸೋಪಿನಂಥ ವಸ್ತುವನ್ನು, ಬೇರೆ ಯಾವುದೋ ಎಮಲ್ಷನ್ನಿಗೆ ಆಮೇಲೆ ಹಾಕಿದರೆ ಅದು ಒಡೆಯುವುದಿಲ್ಲ. ಎಮಲ್ಷನ್ ಕಟ್ಟುವಾಗಲೇ ಅದನ್ನು ಬಳಸಿರಬೇಕು. ಕಟ್ಟಿದ ಗಂಟನ್ನು ಬೇಕಾದಾಗ ಬಿಚ್ಚುವ ಹಾಗೆ ಮೊದಲೇ ಕಟ್ಟುವುದು ಇದರ ಉಪಾಯ.

ಸೋಪಿನ ಅಣುವಿಗೆ ಎಣ್ಣೆಯನ್ನು ಬಯಸುವ ಬಾಲ, ನೀರನ್ನು ಬಯಸುವ ತಲೆ ಇರುತ್ತವೆ ಅಂತ ಹೈಸ್ಕೂಲಿನಲ್ಲೇ ಓದಿರುತ್ತೀಯ. ತಲೆಗೆ ವಿದ್ಯುದಾವೇಶ ಇದ್ದರೆ ನೀರಿನ ಕಡೆ ಮುಖ ಮಾಡಿ ಎಣ್ಣೆ ಹನಿಯ ಸುತ್ತ ಕಾವಲು ನಿಲ್ಲುತ್ತದೆ. ಉದ್ದ ಬಾಲದ ಅಮಿಡೀನ್ ಅನ್ನುವ ಪ್ರತ್ಯಾಮ್ಲಗಳಲ್ಲಿ ತಲೆಗೆ ಆವೇಶ ಇರುವುದಿಲ್ಲ, ಅವು ಬರೀ ಎಣ್ಣೆಯಂಥವು. ನೀರಿದ್ದು ಕಾರ್ಬನ್ ಡೈಆಕ್ಸೈಡ್ ಬಂದರೆ ತಲೆಗೆ ಆವೇಶ ಸೇರಿ ಸರ್ಫ್ಯಾಕ್ಟಂಟ್ ಆಗುತ್ತವೆ. 65 ಡಿಗ್ರಿಯಲ್ಲಿ ಗಾಳಿ ಹಾಯಿಸಿದರೆ ಆವೇಶ ಹೋಗಿ ಕಾವಲು ಚದುರುತ್ತದೆ, ಹನಿಗಳು ಕೂಡಿಕೊಂಡು ಎಣ್ಣೆ ಬೇರೆಯಾಗುತ್ತದೆ. ಜೆಸಪ್ ತಂಡ ಇದನ್ನು 2006ರಲ್ಲಿ ಕಚ್ಚಾ ತೈಲದ ಮೇಲೂ ಮಾಡಿ ತೋರಿಸಿತು.

ಎಮಲ್ಷನ್ ಸ್ವಲ್ಪ ಹೊತ್ತಿಗೆ ಮಾತ್ರ ಬೇಕಾಗುವ ಕೆಲಸಗಳು ಬಹಳ ಇವೆ. ಗಟ್ಟಿ ತೈಲ ಪೈಪಿನಲ್ಲಿ ಹರಿಯುವುದಿಲ್ಲ, ನೀರಿನಲ್ಲಿ ಹನಿ ಮಾಡಿದರೆ ಹರಿಯುತ್ತದೆ, ಆದರೆ ಆ ತುದಿಯಲ್ಲಿ ನೀರು ಬೇಡ. ನರಸಿಂಹರಾಜಪುರ ಕಡೆಯ ರಬ್ಬರ್ ತೋಟದಲ್ಲಿ ಮರದ ಹಾಲಿಗೆ ಫಾರ್ಮಿಕ್ ಆಮ್ಲ ಹಾಕಿ ಗಟ್ಟಿ ಮಾಡುವುದನ್ನು ನೋಡಿರಬಹುದು. ಒಮ್ಮೆ ಗಟ್ಟಿಯಾದ ಹಾಳೆ ಮತ್ತೆ ಹಾಲಾಗುವುದಿಲ್ಲ. ಈ ಅಮಿಡೀನ್ ಹಾಕಿ ಮಾಡಿದ ಪಾಲಿಸ್ಟೈರೀನ್ ಹಾಲನ್ನು ಗಾಳಿ, ಬಿಸಿಯಿಂದ ಹೆಪ್ಪುಗಟ್ಟಿಸಿ, ಕಾರ್ಬನ್ ಡೈಆಕ್ಸೈಡ್ ಕೊಟ್ಟು ಶಬ್ದದ ಅಲೆಗಳಿಂದ ಕಲಕಿ ಮತ್ತೆ ಹಾಲು ಮಾಡಿದ್ದಾರೆ. ನೀನು ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಈ ಭಾಗವನ್ನು ಓದು.

ನಮ್ಮಜ್ಜಿ ಮೊಸರು ಕಡೆಯುವಾಗ ಚಳಿಗಾಲದಲ್ಲಿ ಬೆಣ್ಣೆ ಬರದಿದ್ದರೆ ಒಂದು ಲೋಟ ಬಿಸಿನೀರು ಸುರಿಯುತ್ತಿದ್ದರು. ಜಿಡ್ಡಿನ ಹನಿಗಳ ಸುತ್ತಲ ಪೊರೆ ಒಡೆದು ಅವು ಒಂದಕ್ಕೊಂದು ಅಂಟಬೇಕು, ಅದಕ್ಕೆ ಹದವಾದ ಬಿಸಿ ಬೇಕು. ಎಮಲ್ಷನ್ ಒಡೆಯುವ ಮೊದಲ ಪಾಠ ನನಗೆ ಸಿಕ್ಕಿದ್ದು ಆ ಕಂಬದ ಹತ್ತಿರ.

ಪ್ರಶ್ನೆ: ಪೇಟೆಯಲ್ಲಿ ಕೆಫೀನ್ ತೆಗೆದ ಕಾಫಿ ಸಿಗುತ್ತದೆ, ಕಾರ್ಬನ್ ಡೈಆಕ್ಸೈಡ್‌ನಿಂದ ತೆಗೆದದ್ದು ಅಂತ ಬರೆದಿರುತ್ತಾರೆ. ಅದೂ ಇದೇನಾ?
(ಕಾಫಿ ಬೆಳೆಗಾರ್ತಿ, ಆಲ್ದೂರು)

ಉತ್ತರ: ಗ್ಯಾಸು ಅದೇ, ಕೆಲಸ ಬೇರೆ. ಅಲ್ಲಿ ಕಾರ್ಬನ್ ಡೈಆಕ್ಸೈಡ್ ತಾನೇ ದ್ರಾವಕ. ಅದನ್ನು 31 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ, ವಾತಾವರಣದ 73 ಪಟ್ಟಿಗಿಂತ ಹೆಚ್ಚು ಒತ್ತಡದಲ್ಲಿ ಇಟ್ಟರೆ ಗ್ಯಾಸೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ಬರುತ್ತದೆ. ನೆನೆಸಿದ ಹಸಿ ಬೀಜದೊಳಗೆ ಹೊಕ್ಕು ಕೆಫೀನ್ ಎಳೆದು ತರುತ್ತದೆ. ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಕುರ್ಟ್ ಜೋಸೆಲ್ 1967ರಲ್ಲಿ ಕಂಡುಕೊಂಡ ವಿಧಾನ ಇದು. ಅದಕ್ಕೂ ಬಹಳ ಹಿಂದೆ, ಕಳೆದ ಶತಮಾನದ ಆರಂಭದಲ್ಲಿ, ಅದೇ ಜರ್ಮನಿಯಲ್ಲಿ ಬೆಂಜೀನ್ ಬಳಸಿ ಕೆಫೀನ್ ತೆಗೆಯುತ್ತಿದ್ದರು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು ಅಂತ ಈಗ ಎಲ್ಲರಿಗೂ ಗೊತ್ತು. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಆ ಭಯವಿಲ್ಲ, ಆದ್ದರಿಂದ ನೀವು ಹೇಳಿದ ಪ್ಯಾಕೆಟ್ಟಿನ ಕಾಫಿಯನ್ನು ನಾನು ಧೈರ್ಯವಾಗಿ ಕುಡಿಯುತ್ತೇನೆ. ಭಾರಿ ಒತ್ತಡ ತಡೆಯುವ ಉಕ್ಕಿನ ಪಾತ್ರೆಗಳು ಬೇಕು, ಅದಕ್ಕೇ ಬೆಲೆ. ಕೆಫೀನ್ ಸ್ವಲ್ಪ ಕಡಿಮೆಯಾದರೆ ಸಾಕು ಅನ್ನುವವರು ಅರೇಬಿಕಾ ಹೆಚ್ಚಿರುವ ಪುಡಿ ಕೊಳ್ಳಬಹುದು. ಅದರಲ್ಲಿ ನೂರಕ್ಕೆ ಸುಮಾರು 1.2 ಪಾಲು ಕೆಫೀನ್, ರೊಬಸ್ಟಾದಲ್ಲಿ 2ಕ್ಕೂ ಮೇಲೆ.

ಪ್ರಶ್ನೆ: ಇಂಥ ದ್ರಾವಕಗಳು ಗ್ಯಾಸ್ ಹೀರಿಕೊಳ್ಳುವುದರಿಂದ ಭೂಮಿ ಬಿಸಿಯಾಗುವುದು ಕಡಿಮೆಯಾಗುತ್ತದೆಯೇ?
(ಕಡೂರು)

ಉತ್ತರ: ಇಲ್ಲ. ಹೀರಿದ್ದನ್ನೆಲ್ಲ ಮತ್ತೆ ಬಿಡಲೇಬೇಕು, ಬಿಟ್ಟರೇ ದ್ರಾವಕ ವಾಪಸಾಗುವುದು. ಭಟ್ಟಿ ಇಳಿಸುವ ಸೌದೆ ಉಳಿದರೆ ಅಷ್ಟರ ಮಟ್ಟಿಗೆ ಲಾಭ.

ಪ್ರಶ್ನೆ: ನಮ್ಮದು ಕೊಬ್ಬರಿ ಎಣ್ಣೆ ಮಿಲ್. ಹಿಂಡಿಯಲ್ಲಿ ಎಣ್ಣೆ ಉಳಿದು ನಷ್ಟವಾಗುತ್ತಿದೆ. ಆ ಅಮೀನ್ ತರಿಸಿ ಶೆಡ್ಡಿನಲ್ಲಿ ಸಣ್ಣದಾಗಿ ಮಾಡಿ ನೋಡಬಹುದೇ? ಗ್ಯಾಸ್ ಸಿಲಿಂಡರ್ ಸಿಗುತ್ತದೆ.
(ಅರಸೀಕೆರೆ)

ಉತ್ತರ: ಬೇಡ ತಮ್ಮಾ. ದಯವಿಟ್ಟು ಬೇಡ. ನಷ್ಟದ ಸಂಕಟ ನನಗೆ ಅರ್ಥವಾಗುತ್ತದೆ. ಎಕ್ಸ್‌ಪೆಲ್ಲರ್ ಎಷ್ಟು ಬಿಗಿ ಮಾಡಿದರೂ ಹಿಂಡಿಯಲ್ಲಿ ನೂರಕ್ಕೆ ಆರೇಳು ಪಾಲು ಎಣ್ಣೆ ಉಳಿಯುತ್ತದೆ. ಆದರೆ ನಿನ್ನ ಎಣ್ಣೆ ಮಕ್ಕಳ ತಲೆಗೆ, ಒಗ್ಗರಣೆಗೆ ಹೋಗುತ್ತದೆ, ಹಿಂಡಿ ಹಸುವಿನ ಬಾಯಿಗೆ ಹೋಗುತ್ತದೆ. ಎರಡರಲ್ಲೂ ಅಮೀನ್ ಎಷ್ಟು ಉಳಿದಿದೆ ಅನ್ನುವುದನ್ನು ಶೆಡ್ಡಿನಲ್ಲಿ ಅಳೆಯಲಾಗುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಕೂಡ ಸುಮ್ಮನೆ ಬಿಡುವ ಗ್ಯಾಸಲ್ಲ. ಗಾಳಿಗಿಂತ ಭಾರ, ವಾಸನೆ ಇಲ್ಲ, ಮುಚ್ಚಿದ ಶೆಡ್ಡಿನಲ್ಲಿ ತಗ್ಗಿನಲ್ಲಿ ತುಂಬಿಕೊಂಡರೆ ಬಗ್ಗಿ ಕೆಲಸ ಮಾಡುವವನು ಏಳುವುದೇ ಇಲ್ಲ. ಹಾಳು ಬಾವಿಗೆ ಇಳಿದು ಸತ್ತವರ ಸುದ್ದಿ ಕೇಳಿರುತ್ತೀಯಲ್ಲ, ಎಷ್ಟೋ ಸಲ ಅಲ್ಲಿ ಕೊಂದಿರುವುದು ಇದೇ ಗ್ಯಾಸು. ಕೊಬ್ಬರಿಯ ತೇವ ಸರಿಯಾಗಿದೆಯೇ, ಅರೆಯುವ ಮುಂಚೆ ಹದವಾಗಿ ಬಿಸಿ ಮಾಡುತ್ತಿದ್ದೀಯೇ, ಎಕ್ಸ್‌ಪೆಲ್ಲರ್‌ನ ಸವೆದ ಭಾಗ ಬದಲಿಸಿ ಎಷ್ಟು ದಿನವಾಯಿತು, ಇವನ್ನು ಮೊದಲು ನೋಡು. ಎಣ್ಣೆ ಇರುವ ಹಿಂಡಿಗೆ ಹೈನುಗಾರರಿಂದ ಹೆಚ್ಚು ಬೆಲೆ ಕೇಳುವುದರಲ್ಲೂ ತಪ್ಪಿಲ್ಲ.

ಪ್ರಶ್ನೆ: ಹಳ್ಳಿ ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಗ್ಯಾಸ್ ಬಂದರೆ ಒಂದು ಗುಣ, ಹೋದರೆ ಇನ್ನೊಂದು ಅನ್ನುವುದನ್ನು ಮಕ್ಕಳಿಗೆ ಅಪಾಯವಿಲ್ಲದೆ ತೋರಿಸುವ ದಾರಿ ಇದೆಯೇ?
(ಶಿಕ್ಷಕಿ, ಬೇಲೂರು ತಾಲ್ಲೂಕು)

ಉತ್ತರ: ಇದೆ, ನಾನೇ ಎಷ್ಟೋ ಸಲ ಮಾಡಿ ತೋರಿಸಿದ್ದೇನೆ. ಬೇಲಿಯ ಮೇಲೆ ಹಬ್ಬುವ ನೀಲಿ ಶಂಖಪುಷ್ಪದ ಹತ್ತು ಹೂವು ತಂದು ಒಂದು ಲೋಟ ಬಿಸಿನೀರಿನಲ್ಲಿ ನೆನೆಸಿ. ಕಡುನೀಲಿ ಬಣ್ಣ ಬಿಡುತ್ತದೆ. ಬೋರ್‌ವೆಲ್ ನೀರಿನ ಗಡಸುತನ ಅಡ್ಡಬರುತ್ತದೆ, ಮಳೆನೀರೋ ಫಿಲ್ಟರ್ ನೀರೋ ಒಳ್ಳೆಯದು. ಎರಡು ಗಾಜಿನ ಲೋಟಗಳಿಗೆ ಸ್ವಲ್ಪಸ್ವಲ್ಪ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಆಗಷ್ಟೇ ಒಡೆದ ಗೋಲಿ ಸೋಡಾ ಅಷ್ಟೇ ಪ್ರಮಾಣದಲ್ಲಿ ಸುರಿಯಿರಿ. ಸೋಡಾ ಸುರಿದದ್ದು ನೇರಳೆಯತ್ತ ತಿರುಗುತ್ತದೆ. ಮಕ್ಕಳು ಅದನ್ನು ಬಿಳಿ ಹಾಳೆಯ ಮುಂದೆ ಹಿಡಿದು ನೋಡಲಿ, ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಆಮೇಲೆ ಅದನ್ನೇ ಸ್ಟೀಲ್ ಪಾತ್ರೆಗೆ ಹಾಕಿ ಐದು ನಿಮಿಷ ಕುದಿಸಿ ಆರಿಸಿ. ಗ್ಯಾಸು ಹೋಗಿ ನೀಲಿ ಹಿಂದಕ್ಕೆ ಬರುತ್ತದೆ. ಇನ್ನೊಂದು ಲೋಟಕ್ಕೆ ನಿಂಬೆರಸ ಹಿಂಡಿ ಕುದಿಸಿ ನೋಡಿ, ಎಷ್ಟು ಕುದಿಸಿದರೂ ನೀಲಿ ಬರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾಕೆ ಹೀಗಾಯಿತು ಅಂತ ಅವರನ್ನೇ ಕೇಳಿ. ಸೋಡಾ ಕೊಳ್ಳುವಾಗ ಅಂಗಡಿಯವರಿಗೆ ಉಪ್ಪು, ನಿಂಬೆ ಏನೂ ಹಾಕದ ಬರೀ ಸೋಡಾ ಬೇಕು ಅಂತ ಹೇಳುವುದನ್ನು ಮರೆಯಬೇಡಿ.